ಒಂದು ವರ್ಷದ ಮನೆಮಗಳು

ಹದಿನಾರು ವರ್ಷದ ಹುಡುಗಿಯನ್ನು, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಂದು ಮನೆಗೆ, ಒಂದು ವರ್ಷದ ಮಟ್ಟಿಗೆ ಕಳಿಸಿಕೊಡಿ ಎಂದರೆ ನಮ್ಮಲ್ಲಿ ಯಾರು ಒಪ್ಪುತ್ತಾರೆ? ನೆಂಟರ ಮನೆಯಲ್ಲೇ ಎರಡು ರಾತ್ರಿಗಿಂತ ಹೆಚ್ಚು ಬಿಡದವರು ನಾವು. ಮದುವೆಯಾದ ಹೆಣ್ಣುಮಗಳು ಗುರುತಿಲ್ಲದ ಮನೆಗೆ ಹೋಗಿ, ಅಲ್ಲಿಯವರ ಉಪ್ಪು-ಖಾರಕ್ಕೆ ಹೊಂದಿಕೊಂಡು, ಬಾಳುವೆಯಿಡೀ ಅಲ್ಲೇ ಇರಬೇಕು ಎಂಬುದು ನಮಗೆ ಸಹಜವಾಗಿ ಕಾಣುತ್ತದೆ. ಅದೇ ಹುಡುಗಿ ಓದಲಿಕ್ಕೆ ಹತ್ತು ತಿಂಗಳು ಹೋಗಿ ಬರುತ್ತಾಳೆ ಎಂದರೆ ಇಡೀ ಓಣಿಗೆ ನಿದ್ದೆ ಬರುವುದಿಲ್ಲ.

2018ರಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂತು. ತಂಗಿಯ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ವಿದ್ಯಾರ್ಥಿ ವಿನಿಮಯದ ಒಂದು ಯೋಜನೆಗೆ ಅರ್ಜಿ ಹಾಕಿ, ಪ್ರಬಂಧ ಬರೆದು, ಸಂದರ್ಶನ ಮುಗಿಸಿ ಆಯ್ಕೆಯೂ ಆಗಿದ್ದಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರು. ಹಾಲು, ಚೀಸ್ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ತಂಗಿಯ ಮನೆಯೂ ನಮ್ಮ ಮನೆಯೂ ತಿಲಕನಗರದಲ್ಲಿ ಒಂದೇ ಗಲ್ಲಿಯಲ್ಲಿವೆ. ಹೀಗಾಗಿ ತೀರ್ಮಾನ ಎಲ್ಲರದೂ ಆಗಬೇಕಿತ್ತು. ನಮ್ಮ ಅಮ್ಮಿ ಕೇಳಿದ್ದು ಮೂರೇ ಪ್ರಶ್ನೆ: ಅಲ್ಲಿ ಅವಳು ಏನು ತಿನ್ನುತ್ತಾಳೆ? ಎಲ್ಲಿ ನಮಾಜು ಮಾಡುತ್ತಾಳೆ? ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು? ಪಕ್ಕದ ಮನೆಯ ಹಿರಿಯರೊಬ್ಬರು ಮಾತ್ರ ರಾಜಕೀಯಕ್ಕೆ ಇಳಿದರು. ‘ಒಂದು ಕೈಯಲ್ಲಿ ಬಾಂಬು, ಇನ್ನೊಂದು ಕೈಯಲ್ಲಿ ಸ್ಕಾಲರ್‌ಶಿಪ್. ಅಮೆರಿಕದವರ ಕೆಲಸವೇ ಹಾಗೆ’ ಎಂದರು.

ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಹೈಸ್ಕೂಲು ಮಕ್ಕಳನ್ನು ಒಂದು ವರ್ಷ ಕರೆಸಿಕೊಂಡು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವ ಯೋಜನೆಯೊಂದನ್ನು ಅಮೆರಿಕ 2002ರಲ್ಲಿ ರೂಪಿಸಿತು. ಸೆನೆಟರುಗಳಾದ ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಅದರ ಹಿಂದಿದ್ದರು. ಯೋಜನೆಗೆ ಅವರಿಬ್ಬರ ಹೆಸರೇ ಇದೆ. ಮೊದಲ ತಂಡದ ಮಕ್ಕಳು ಅಲ್ಲಿಗೆ ಹೋದದ್ದು 2003ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಇರಾಕಿಗೆ ನುಗ್ಗಿತ್ತು. ಭಾರತದಿಂದಲೂ ಈ ಯೋಜನೆಯಡಿ ಮಕ್ಕಳು ಹೋಗಿಬಂದಿದ್ದಾರೆ.

ಆದರೆ ಮಕ್ಕಳನ್ನು ಹೀಗೆ ಅದಲುಬದಲು ಮಾಡುವ ಪದ್ಧತಿ ಇದಕ್ಕಿಂತ ಹಳೆಯದು. ಈ ಕೆಲಸದಲ್ಲಿ ಹೆಸರಾದ ಎಎಫ್‌ಎಸ್ ಸಂಸ್ಥೆ ಹುಟ್ಟಿದ್ದು ಶಾಲೆಯಲ್ಲಲ್ಲ, ಯುದ್ಧಭೂಮಿಯಲ್ಲಿ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕನ್ ಆಂಬುಲೆನ್ಸ್ ಚಾಲಕರು ಅದನ್ನು ಕಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ಅವರು ಭಾರತ-ಬರ್ಮಾ ಗಡಿಯಲ್ಲೂ ದುಡಿದರು. ಎರಡು ಯುದ್ಧಗಳಲ್ಲಿ ಹೆಣ, ಗಾಯಾಳುಗಳನ್ನು ಹೊತ್ತವರಿಗೆ, ಯುದ್ಧ ಮುಗಿದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟುವುದಕ್ಕಿಂತ ಗಾಯವಾಗದಂತೆ ನೋಡಿಕೊಳ್ಳುವುದು ಮೇಲು ಎನ್ನಿಸಿರಬೇಕು. 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಅವರು ಹೈಸ್ಕೂಲು ಮಕ್ಕಳ ವಿನಿಮಯವನ್ನು ಶುರುಮಾಡಿದರು.

ಅಮ್ಮಿಗೆ ಈ ಇತಿಹಾಸ ಬೇಕಿರಲಿಲ್ಲ. ಅವರನ್ನು ಒಪ್ಪಿಸಿದ್ದು ಬೇರೊಂದು ಸಂಗತಿ. ಹೀಗೆ ಬರುವ ಮಗುವನ್ನು ಇರಿಸಿಕೊಳ್ಳುವ ಮನೆಯವರಿಗೆ ಅದಕ್ಕಾಗಿ ಸಂಬಳವಿಲ್ಲ ಎಂದು ತಿಳಿದಾಗ ಅವರು ಎದ್ದು ಕೂತರು. ‘ದುಡ್ಡಿಲ್ಲದೆ ಬೇರೆಯವರ ಮಗಳಿಗೆ ಒಂದು ವರ್ಷ ಅನ್ನ ಹಾಕುತ್ತಾರಾ? ಹಾಗಾದರೆ ಒಳ್ಳೆಯವರೇ ಇರಬೇಕು’ ಎಂದರು. ಚೆನ್ನೈಗೆ ಹೋಗಿ ವೀಸಾ ಮಾಡಿಸಿಕೊಂಡು ಬಂದ ನಮ್ಮ ಹುಡುಗಿ, ಆ ಆಗಸ್ಟ್ ತಿಂಗಳಲ್ಲಿ ಎರಡು ಪೆಟ್ಟಿಗೆ ಹೊತ್ತು ಹೊರಟಳು. ಅಮ್ಮಿ ಒಂದು ಪೆಟ್ಟಿಗೆಯಲ್ಲಿ ಜಾನಮಾಜಿನ ಕೆಳಗೆ ಖಾರದ ಪುಡಿ ಇಟ್ಟಿದ್ದರು.

ಪರದೇಶದ ಬದುಕು ಎಂದಾಗ ನಮ್ಮ ಕಣ್ಣೆದುರು ಬರುವುದು ಎತ್ತರದ ಕಟ್ಟಡಗಳು, ನಯಾಗರ ಜಲಪಾತ, ವಿಮಾನ. ಅವಳ ದಿನಚರಿಯಲ್ಲಿ ಇವೊಂದೂ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಮನೆಯೆದುರು ಹಳದಿ ಬಸ್ಸು. ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಅಂಕಿ ತಿರುಗಿಸಿ ತೆಗೆಯುವ ಬೀಗ. ಅದನ್ನು ತೆಗೆಯಲು ಕಲಿಯಲಿಕ್ಕೇ ಅವಳಿಗೆ ನಾಲ್ಕು ದಿನ ಬೇಕಾಯಿತು. ನಮ್ಮಲ್ಲಿ ಮೇಷ್ಟ್ರು ತರಗತಿಯಿಂದ ತರಗತಿಗೆ ಹೋಗುತ್ತಾರೆ, ಅಲ್ಲಿ ಮೇಷ್ಟ್ರು ಕೂತಲ್ಲೇ ಇರುತ್ತಾರೆ, ಮಕ್ಕಳು ಓಡಬೇಕು. ಸಂಜೆ ಆರಕ್ಕೆ ರಾತ್ರಿಯೂಟ. ಊಟವಾದ ಮೇಲೆ ಪಾತ್ರೆ ಒರೆಸಿಡುವ ಕೆಲಸ ಇವಳದು. ಶನಿವಾರ ಬಟ್ಟೆ ಒಗೆಯುವ ಯಂತ್ರದ ಸರದಿ. ಹಿಮ ಬಿದ್ದರೆ ಬಾಗಿಲಿಂದ ರಸ್ತೆಯವರೆಗೆ ಸಲಿಕೆಯಲ್ಲಿ ದಾರಿ ಮಾಡುವುದು. ವಾಹನ ನಡೆಸಕೂಡದು, ಮಾದಕ ವಸ್ತು ಮುಟ್ಟಕೂಡದು, ದಾರಿಯಲ್ಲಿ ಹೋಗುವ ವಾಹನಕ್ಕೆ ಕೈಯೊಡ್ಡಿ ಹತ್ತಕೂಡದು. ಇವು ಮೀರಬಾರದ ನಿಯಮಗಳು. ತಿಂಗಳಿಗೊಮ್ಮೆ ಯೋಜನೆಯ ಪ್ರತಿನಿಧಿಯೊಬ್ಬರು ಇವಳನ್ನೂ ಮನೆಯವರನ್ನೂ ಬೇರೆಬೇರೆಯಾಗಿ ಮಾತಾಡಿಸಿ, ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಹೊಂದಿಕೆಯಾಗದಿದ್ದರೆ ಮನೆ ಬದಲಾಯಿಸುವ ಅವಕಾಶವೂ ಇತ್ತು.

ಮೊದಲ ಎರಡು ತಿಂಗಳು ಆ ಮನೆಯವರು ಇವಳನ್ನು ಅತಿಥಿಯಂತೆ ನೋಡಿಕೊಂಡರು. ಆ ಎರಡು ತಿಂಗಳೇ ಅವಳು ಹೆಚ್ಚು ಅತ್ತದ್ದು. ಮೂರನೆಯ ತಿಂಗಳಲ್ಲಿ ಒಂದು ದಿನ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡಿದ್ದಕ್ಕೆ ಮನೆಯಾಕೆ ತಮ್ಮ ಸ್ವಂತ ಮಗಳಿಗೂ ಇವಳಿಗೂ ಒಟ್ಟಿಗೇ ಗದರಿದರಂತೆ. ಆ ರಾತ್ರಿ ಫೋನಿನಲ್ಲಿ ಅವಳ ದನಿ ಹಗುರವಾಗಿತ್ತು. ‘ನಾನಿ, ಇವತ್ತು ನನಗೆ ಬೈದರು’ ಎಂದು ಬಹುಮಾನ ಬಂದಂತೆ ಹೇಳಿದಳು. ಅಮ್ಮಿಗೆ ಕೂಡಲೇ ಅರ್ಥವಾಯಿತು. ಅತಿಥಿಗೆ ಯಾರೂ ಬೈಯುವುದಿಲ್ಲ.

ಊಟದ ವಿಷಯ ನಾವು ಹೆದರಿದಷ್ಟು ಕಷ್ಟವಾಗಲಿಲ್ಲ, ಸುಲಭವೂ ಆಗಲಿಲ್ಲ. ಮೊಟ್ಟೆ, ಮೀನು, ತರಕಾರಿ, ಬ್ರೆಡ್ಡು ನಡೆಯುತ್ತಿತ್ತು. ತೊಡಕು ಇದ್ದದ್ದು ಕಣ್ಣಿಗೆ ಕಾಣದ ಕಡೆ. ಮಕ್ಕಳು ತಿನ್ನುವ ಮೆತ್ತನೆಯ ಮಿಠಾಯಿಗಳಲ್ಲಿ, ಜೆಲ್ಲಿಯಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಹಂದಿಯದೂ ಇರಬಹುದು. ಇವಳು ಅಂಗಡಿಯಲ್ಲಿ ನಿಂತು ಪೊಟ್ಟಣದ ಬೆನ್ನಿನ ಸಣ್ಣ ಅಕ್ಷರಗಳನ್ನು ಓದುವುದನ್ನು ಕಂಡ ಮನೆಯಾಕೆ ತಾವೂ ಕನ್ನಡಕ ಹಾಕಿಕೊಂಡು ಓದತೊಡಗಿದರು. ಕ್ರಿಸ್‌ಮಸ್ ಹೊತ್ತಿಗೆ ಅವರು ಇವಳಿಗಿಂತ ಚುರುಕಾಗಿದ್ದರು. ‘ಇದು ನಿನಗಾಗದು’ ಎಂದು ದೂರದಿಂದಲೇ ಹೇಳುತ್ತಿದ್ದರಂತೆ.

ನಮಾಜಿನ ವಿಷಯದಲ್ಲಿ ಮಾತ್ರ ಅಮ್ಮಿಗೆ ಒಂದು ಆಘಾತವಾಯಿತು. ನಾವು ಹುಟ್ಟಿದಾಗಿನಿಂದ ಪಶ್ಚಿಮಕ್ಕೆ ಮುಖ ಮಾಡಿ ನಿಂತವರು. ಬೆಂಗಳೂರಿನಿಂದ ಕಾಬಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದಂತೆ. ವಿಸ್ಕಾನ್ಸಿನಿನಲ್ಲಿ ಅವಳು ನಿಲ್ಲಬೇಕಾದದ್ದು ಈಶಾನ್ಯಕ್ಕೆ. ಭೂಪಟ ನೋಡಿದರೆ ಮಕ್ಕಾ ಅಲ್ಲಿಂದ ಪೂರ್ವಕ್ಕೆ, ಕೆಳಗಡೆ ಕಾಣುತ್ತದೆ. ಹಾಗಿರುವಾಗ ಉತ್ತರದ ಕಡೆಗೇಕೆ ತಿರುಗಬೇಕು? ಅವಳ ಶಾಲೆಯ ಮೇಷ್ಟ್ರೊಬ್ಬರು ಭೂಗೋಳದ ಮೇಲೆ ಒಂದು ದಾರ ಎಳೆದು ತೋರಿಸಿದರಂತೆ. ದುಂಡಗಿನ ಭೂಮಿಯ ಮೇಲೆ ಅಲ್ಲಿಂದ ಮಕ್ಕಾಕ್ಕೆ ಅತಿ ಹತ್ತಿರದ ದಾರಿ ಮೊದಲು ಉತ್ತರಕ್ಕೆ ಏರಿ, ಬಳಿಕ ಇಳಿಯುತ್ತದೆ. ನಾವೂ ಮನೆಯಲ್ಲಿ ಮಕ್ಕಳ ಆಟದ ಭೂಗೋಳ ಹುಡುಕಿ, ದಾರ ಕಟ್ಟಿ ಅಮ್ಮಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, ‘ದಿಕ್ಕು ಬದಲಾದರೂ ಅವಳು ನಿಂತಿರುವುದು ನಮ್ಮ ಸಾಲಿನಲ್ಲೇ’ ಎಂದು ಸಮಾಧಾನಪಟ್ಟುಕೊಂಡರು.

2019ರ ಜನವರಿ ಕೊನೆಯಲ್ಲಿ ಅಮೆರಿಕದ ಆ ಭಾಗಕ್ಕೆ ಉತ್ತರ ಧ್ರುವದ ಚಳಿಗಾಳಿ ಇಳಿಯಿತು. ವಿಸ್ಕಾನ್ಸಿನಿನಲ್ಲಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ. ಶಾಲೆಗಳಿಗೆ ರಜೆ. ಬೆಂಗಳೂರಿನ ಹದಿನೈದು ಡಿಗ್ರಿಗೇ ಕಿವಿಗೆ ಮಫ್ಲರು ಸುತ್ತುವ ಅಮ್ಮಿ ಮೂರು ದಿನ ದುಆ ಮಾಡುತ್ತಾ ಕೂತರು. ಮೇ 6ಕ್ಕೆ ರಂಜಾನ್ ಬಂತು. ಅಲ್ಲಿ ಬೆಳಗಿನ ನಾಲ್ಕಕ್ಕೂ ಮೊದಲು ಸಹರಿ ಮುಗಿಸಿದರೆ ಇಫ್ತಾರ್ ರಾತ್ರಿ ಎಂಟು ದಾಟಿದ ಮೇಲೆ. ನಮಗಿಂತ ಸುಮಾರು ಎರಡು ತಾಸು ಹೆಚ್ಚು. ಮೊದಲ ದಿನ ಮನೆಯಾಕೆಯೇ ಎದ್ದು ಮೊಟ್ಟೆ ಬೇಯಿಸಿಕೊಟ್ಟರು. ಮನೆಯ ಯಜಮಾನರು ಒಂದು ದಿನ ಜೊತೆಯಲ್ಲಿ ಉಪವಾಸ ಮಾಡಿ ನೋಡುತ್ತೇನೆಂದು ಹೊರಟು, ಮಧ್ಯಾಹ್ನ ಕಾಫಿಗೆ ಶರಣಾದರು. ಶಾಲೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ನೀರೂ ಕುಡಿಯಲ್ವಾ?’

ಈ ಪ್ರಶ್ನೆ ಕೇಳಿ ನಾವೆಲ್ಲ ಫೋನಿನ ಈ ಬದಿಯಲ್ಲಿ ನಕ್ಕೆವು. ಜಯನಗರದ ಸಹಪಾಠಿಗಳು ವರ್ಷ ವರ್ಷವೂ ಇದನ್ನೇ ಕೇಳುತ್ತಿದ್ದರು. ಆದರೆ ಎಲ್ಲ ಪ್ರಶ್ನೆಗಳೂ ನಗುವಂಥವಾಗಿರಲಿಲ್ಲ.

ಇಂಥ ಮಕ್ಕಳನ್ನು ಅಲ್ಲಿ ತಮ್ಮ ದೇಶದ ಪುಟ್ಟ ರಾಯಭಾರಿಗಳು ಎಂದು ಕರೆಯುತ್ತಾರೆ. ನವೆಂಬರಿನಲ್ಲಿ ಅಂತಾರಾಷ್ಟ್ರೀಯ ಶಿಕ್ಷಣ ಸಪ್ತಾಹವೆಂದು ಆಚರಿಸುತ್ತಾರೆ. ಆಗ ಶಾಲೆ, ಗ್ರಂಥಾಲಯ, ಚರ್ಚುಗಳಲ್ಲಿ ನಿಂತು ತಮ್ಮ ನಾಡಿನ ಬಗ್ಗೆ ಹೇಳಬೇಕು. ಇವಳು ಕನ್ನಡ ಅಕ್ಷರದಲ್ಲಿ ಎಲ್ಲರ ಹೆಸರು ಬರೆದುಕೊಟ್ಟಳು. ‘ಇಂಡಿಯನ್’ ಎಂಬ ಭಾಷೆ ಇಲ್ಲವೆಂದು ವಿವರಿಸಿದಳು. ಒಬ್ಬ ಅಜ್ಜಿ, ಭಾರತದಲ್ಲಿ ಮುಸ್ಲಿಮರೂ ಇದ್ದಾರೆಯೇ ಎಂದು ಅಚ್ಚರಿಪಟ್ಟರಂತೆ. 2011ರ ಜನಗಣತಿಯಂತೆ ದೇಶದಲ್ಲಿ 17 ಕೋಟಿಗೂ ಹೆಚ್ಚು, ನೂರಕ್ಕೆ 14ರಷ್ಟು, ಕರ್ನಾಟಕದಲ್ಲಿ ನೂರಕ್ಕೆ 13ರಷ್ಟು ಎಂದು ಇವಳು ಅಂಕಿ ಒಪ್ಪಿಸಿದಳು. ಹಾಗೆಯೇ ಒಂದು ದಿನ ಊಟದ ಮನೆಯಲ್ಲಿ ಹುಡುಗನೊಬ್ಬ, ಟಿವಿಯಲ್ಲಿ ಕಂಡ ಯಾವುದೋ ಸ್ಫೋಟದ ಸುದ್ದಿ ಹಿಡಿದು, ‘ನಿಮ್ಮವರು ಯಾಕೆ ಹೀಗೆ ಮಾಡುತ್ತಾರೆ?’ ಎಂದು ಕೇಳಿದ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆಂದೇ ಕೇಳಿದ.

ಅಂದು ರಾತ್ರಿ ಅವಳು ತನ್ನ ತಾಯಿಗೆ ಕಳಿಸಿದ ಸಂದೇಶದಲ್ಲಿ ಒಂದು ಸಾಲು ಹೀಗಿತ್ತು: ‘ಉತ್ತರ ಕೊಡೋದು ಕಷ್ಟ ಆಗಲಿಲ್ಲ ಅಮ್ಮಿ. ನಾಲ್ಕನೇ ಬ್ಲಾಕಿನಲ್ಲಿ ಅಭ್ಯಾಸ ಆಗಿತ್ತಲ್ಲ.’

ಈ ಸಾಲು ನಮ್ಮನ್ನು ಬಹಳ ದಿನ ಕಾಡಿತು. ಹದಿನಾರು ವರ್ಷದ ಹುಡುಗಿ ರಾಯಭಾರಿಯ ಕೆಲಸವನ್ನು ಅಮೆರಿಕದಲ್ಲಿ ಕಲಿಯಲಿಲ್ಲ. ಕಲಿತುಕೊಂಡೇ ಹೋಗಿದ್ದಳು. ಜಯನಗರ ಬಡಾವಣೆ 1948ರಲ್ಲಿ ರೂಪುಗೊಂಡಿತು. ಅದರ ನಾಲ್ಕನೇ ಟಿ ಬ್ಲಾಕಿಗೆ ತಾಗಿಕೊಂಡಂತೆಯೇ ತಿಲಕನಗರವಿದೆ. ನಡುವೆ ಇರುವುದು ರಸ್ತೆ ಮಾತ್ರ. ಆ ರಸ್ತೆ ದಾಟಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಪ್ರತಿದಿನ ಪರದೇಶಕ್ಕೆ ಹೋಗಿ ಸಂಜೆ ಮರಳುತ್ತಾರೆ. ಮನೆಯಲ್ಲಿ ‘ನಕ್ಕೋ’ ಎನ್ನುವ ದಖ್ಖನಿ, ಶಾಲೆಯಲ್ಲಿ ‘ಬೇಡ’ ಎನ್ನುವ ಕನ್ನಡ. ಊಟದ ಡಬ್ಬಿ ತೆರೆಯುವ ಮುಂಚೆ ಅಕ್ಕಪಕ್ಕ ನೋಡುವ ಅಭ್ಯಾಸ.

ನಮ್ಮ ತಲೆಮಾರಿಗೂ ಇದು ಹೊಸತಲ್ಲ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಸೇರಿದವರು ನಾವು. ಪುಸ್ತಕವನ್ನು ಬಲಗಡೆಯಿಂದ ತೆರೆದು ರೂಢಿಯಾದ ಕೈಗಳಿಗೆ ಎಡಗಡೆಯಿಂದ ತೆರೆಯುವುದನ್ನು ಕಲಿಸಬೇಕಿತ್ತು. ಉರ್ದುವಿನಲ್ಲೂ ಅಂಕಿಗಳು ಎಡದಿಂದ ಬಲಕ್ಕೇ ನಡೆಯುತ್ತವಾದ್ದರಿಂದ ಗಣಿತ ಒಂದರಲ್ಲಿ ನಾವು ಎಲ್ಲರಿಗೂ ಸಮನಾಗಿದ್ದೆವು. ಕನ್ನಡದ ಮೇಷ್ಟ್ರು ಅಕ್ಕರೆಯಿಂದ ಒತ್ತಕ್ಷರ ತಿದ್ದಿಸಿದರು. ಕಥೆ ಬರೆಯುವ ಹುಚ್ಚು ಅವರಿಂದಲೇ ಹತ್ತಿತು. ಆದರೆ ಅದೇ ಶಾಲೆಯಲ್ಲಿ, 1996ರ ಮಾರ್ಚ್ 9ರ ಪಂದ್ಯದ ಮುಂದಿನ ಸೋಮವಾರವೂ ನೆನಪಿದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ನಮ್ಮ ಊರಿನ ವೆಂಕಟೇಶ್ ಪ್ರಸಾದ್, ಆಮಿರ್ ಸೊಹೈಲ್‌ನ ವಿಕೆಟ್ ಕಿತ್ತಾಗ ತಿಲಕನಗರದ ಗಲ್ಲಿಯಲ್ಲಿ ನಾವು ಗಂಟಲು ಹರಿಯುವಂತೆ ಕೂಗಿದ್ದೆವು. ಭಾರತ 39 ರನ್ನಿನಿಂದ ಗೆದ್ದಿತು. ಸೋಮವಾರ ಶಾಲೆಗೆ ಹೋದರೆ ಗೆಳೆಯರು ನಮ್ಮ ಮುಖವನ್ನೇ ನೋಡುತ್ತಿದ್ದರು. ನಾವು ಸಂತೋಷಪಟ್ಟೆವು ಎಂಬುದಕ್ಕೆ ಸಾಕ್ಷಿ ಒದಗಿಸಬೇಕಿತ್ತು.

ಬೆಳೆದ ಮೇಲೂ ಈ ವಿನಿಮಯ ವರ್ಷ ಮುಗಿಯುವುದಿಲ್ಲ. ನಮ್ಮ ಚಿಕ್ಕ ತಮ್ಮ ಮದುವೆಯಾದ ಮೇಲೆ ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ ಬಾಡಿಗೆ ಮನೆ ಹುಡುಕಿದ. ಫೋನಿನಲ್ಲಿ ಅವನ ಅಚ್ಚ ಕನ್ನಡ ಕೇಳಿ ಮನೆ ಮಾಲೀಕರಿಗೆ ಖುಷಿ. ‘ಬನ್ನಿ ಸಾರ್, ನೋಡಿ’ ಎನ್ನುವರು. ಹೆಸರು ಹೇಳಿದ ಮೇಲೆ ಒಂದು ಕ್ಷಣ ಮೌನ. ಆಮೇಲೆ, ಮನೆ ನಿನ್ನೆಯೇ ಹೋಯಿತು, ಇಲ್ಲವೇ ಸಸ್ಯಾಹಾರಿಗಳಿಗೆ ಮಾತ್ರ. ಏಳು ಮನೆಯಾದ ಮೇಲೆ ಅವನು ಬಿಟಿಎಂ ಲೇಔಟಿನ ಅಂಚಿಗೆ, ಗುರಪ್ಪನಪಾಳ್ಯದ ಹತ್ತಿರ, ನಮ್ಮವರೇ ಇರುವಲ್ಲಿ ಮನೆ ಹಿಡಿದ. ವಿಸ್ಕಾನ್ಸಿನಿನ ಆ ಮನೆಯವರು ಇವಳ ಹೆಸರನ್ನು ಅರ್ಜಿಯಲ್ಲಿ ಮೊದಲೇ ಓದಿದ್ದರು. ಓದಿಯೇ ಬಾ ಎಂದಿದ್ದರು.

ಹಾಗೆಂದು ಅಮೆರಿಕವೇ ಸ್ವರ್ಗ ಎಂದು ನಾವು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಹರಡಿದಾಗ ಇಂಥ ಮಕ್ಕಳು ವರ್ಷ ಮುಗಿಯುವ ಮೊದಲೇ ಊರಿಗೆ ಮರಳಬೇಕಾಯಿತು. 2025ರ ಮೇ ಕೊನೆಗೆ ಅಮೆರಿಕ ಸರಕಾರ ವಿದ್ಯಾರ್ಥಿ ಹಾಗೂ ವಿನಿಮಯ ವೀಸಾಗಳ ಹೊಸ ಸಂದರ್ಶನಗಳನ್ನೇ ತಡೆಹಿಡಿಯಿತು. ಜೂನ್‌ನಲ್ಲಿ ಮತ್ತೆ ಶುರುಮಾಡಿದಾಗ, ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ತೆರೆದಿಡಬೇಕೆಂದಿತು. ಸರಕಾರ ತೆರೆದ ಬಾಗಿಲನ್ನು ಸರಕಾರವೇ ಮುಚ್ಚಲೂಬಹುದು. ಆದರೆ ಪೊಟ್ಟಣದ ಸಣ್ಣ ಅಕ್ಷರ ಓದಲು ಕನ್ನಡಕ ಹಾಕಿಕೊಂಡವರು ಸರಕಾರವಲ್ಲ, ಒಂದು ಮನೆಯ ಹೆಂಗಸು.

2019ರ ಜೂನ್‌ನಲ್ಲಿ ಮರಳಿದ ಹುಡುಗಿ ಪಿಯುಸಿಗೆ ಸೇರಿದಳು. ಒಂದು ವರ್ಷ ಹಿಂದೆ ಬಿದ್ದಳಲ್ಲ ಎಂದು ನೆಂಟರು ಲೆಕ್ಕ ಹಾಕಿದರು. ಅವಳ ಮಾತಿನಲ್ಲಿ ಅಮೆರಿಕದ ಧಾಟಿ ಎರಡು ವಾರ ಇತ್ತು, ಹೋಯಿತು. ಉಳಿದದ್ದು ಊಟವಾದ ಕೂಡಲೇ ಎದ್ದು ಪಾತ್ರೆ ತೊಳೆದು ಒರೆಸಿಡುವ ರೂಢಿ. ಅದನ್ನು ತನ್ನ ಅಣ್ಣನಿಗೂ ಕಲಿಸಿದಳು. ಅದಕ್ಕಾಗಿಯೇ ಅಮೆರಿಕಕ್ಕೆ ಕಳಿಸಿದ್ದು ಸಾರ್ಥಕವಾಯಿತು ಎಂದು ತಂಗಿ ಹೇಳುತ್ತಾಳೆ.

ಆಮೇಲೆ ನಡೆದ ಒಂದು ಪ್ರಸಂಗವನ್ನು ಹೇಳಲೇಬೇಕು. ಅವಳ ಕಾಲೇಜಿನ ಗೆಳತಿಯೊಬ್ಬಳ ಮನೆ ಜಯನಗರದಲ್ಲಿದೆ. 2022ರಲ್ಲಿ ಆ ಮನೆಗೆ ಜರ್ಮನಿಯಿಂದ ಹದಿನೇಳರ ಹುಡುಗನೊಬ್ಬ ರೋಟರಿಯ ವಿದ್ಯಾರ್ಥಿ ವಿನಿಮಯದಲ್ಲಿ ಬಂದಿದ್ದ. ಈ ಮಕ್ಕಳು ಒಂದು ಕೋಟು ಹಾಕಿಕೊಂಡು, ಭೇಟಿಯಾದ ಮಕ್ಕಳೊಡನೆಲ್ಲ ಬದಲಾಯಿಸಿಕೊಂಡ ಪಿನ್ನುಗಳನ್ನು ಅದರ ತುಂಬ ಚುಚ್ಚಿಕೊಂಡಿರುತ್ತಾರೆ. ರಾಗಿಗುಡ್ಡದ ಆಂಜನೇಯನ ಗುಡಿ ನೋಡಿದ್ದ, ಗಾಂಧಿ ಬಜಾರಿನ ಮಸಾಲೆ ದೋಸೆ ತಿಂದಿದ್ದ, ‘ಸ್ವಲ್ಪ ಸ್ವಲ್ಪ’ ಎನ್ನಲು ಕಲಿತಿದ್ದ. 2023ರ ಏಪ್ರಿಲ್‌ನ ಈದ್ ಹಬ್ಬಕ್ಕೆ ಅವನಿಗೆ ಮುಸ್ಲಿಮರ ಮನೆ ನೋಡಬೇಕೆನ್ನಿಸಿತು. ಅವನನ್ನು ಕರೆದುಕೊಂಡು ಆ ಮನೆಯ ತಾಯಿ, ತಂದೆ, ಮಗಳು ಮೂವರೂ ನಮ್ಮ ಮನೆಗೆ ಬಂದರು. ಅವರು ಅಪ್ಪಟ ಸಸ್ಯಾಹಾರಿಗಳು. ಅಮ್ಮಿ ಹಿಂದಿನ ದಿನವೇ ನಾಲ್ಕನೇ ಬ್ಲಾಕಿಗೆ ಹೋಗಿ ಹೊಸ ಸ್ಟೀಲು ಪಾತ್ರೆ, ಬಟ್ಟಲು, ಚಮಚ ಕೊಂಡುತಂದು, ಅವುಗಳಲ್ಲೇ ಶೀರ್ ಖುರ್ಮಾ ಮಾಡಿಟ್ಟಿದ್ದರು. ಹಾಲು, ಶಾವಿಗೆ, ಖರ್ಜೂರ, ಬಾದಾಮಿ. ಪಾತ್ರೆಗೆ ಅಂಟಿದ್ದ ಅಂಗಡಿಯ ಚೀಟಿಯನ್ನು ಬೇಕೆಂದೇ ಕಿತ್ತಿರಲಿಲ್ಲ. ಆ ತಾಯಿ ಚೀಟಿಯನ್ನು ನೋಡಿದರು, ಅಮ್ಮಿಯನ್ನು ನೋಡಿದರು, ಎರಡನೆಯ ಸಲ ಹಾಕಿಸಿಕೊಂಡರು.

ಹುಡುಗ ಕೇಳಿದ: ‘ನೀವು ಮೂವತ್ತು ವರ್ಷದಿಂದ ಜಯನಗರದಲ್ಲಿದ್ದೀರಿ. ಇಲ್ಲಿಗೆ ನಡೆದು ಬರಲು ಹದಿನೈದು ನಿಮಿಷ. ಇದಕ್ಕೆ ಮೊದಲು ಯಾಕೆ ಬರಲಿಲ್ಲ?’

ಯಾರೂ ಮಾತಾಡಲಿಲ್ಲ. ಕೊನೆಗೆ ಆ ತಾಯಿಯೇ, ‘ದಾರಿ ಗೊತ್ತಿರಲಿಲ್ಲಪ್ಪ’ ಎಂದರು. ದಾರಿ ನೇರ ಇದೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ನಕ್ಕರು. ಅವರ ನಗು ಎಲ್ಲರಿಗಿಂತ ಜೋರಾಗಿತ್ತು.

ಸೌಹಾರ್ದ ಸಭೆಗಳಲ್ಲಿ ನಾವು ಪವಿತ್ರ ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯದ ಹದಿಮೂರನೆಯ ವಚನವನ್ನು ತಪ್ಪದೆ ಓದಿಸುತ್ತೇವೆ. ಪರಸ್ಪರ ಅರಿಯುವುದರ ಬಗೆಗಿನ ವಚನವದು. ಓದಿಸಿ, ಹಾರ ಹಾಕಿ, ಕಾಫಿ ಕುಡಿದು ಮನೆಗೆ ಹೋಗುತ್ತೇವೆ. ಅರಿಯುವುದೆಂದರೆ ವೇದಿಕೆಯಲ್ಲಿ ಕೈ ಹಿಡಿದು ಎತ್ತುವುದಲ್ಲ. ಆ ಮನೆಯ ಬಚ್ಚಲಿನ ನಲ್ಲಿ ಯಾವ ಕಡೆ ತಿರುಗುತ್ತದೆ ಎಂದು ತಿಳಿಯುವುದು. ಒದ್ದೆ ಟವೆಲಿಗೆ ಬೈಸಿಕೊಳ್ಳುವುದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ರಾಗಿಗುಡ್ಡದಿಂದ ಬಿಟಿಎಂ ಲೇಔಟಿಗೆ ಕೆಲವೇ ನಿಮಿಷ. ರೈಲು ನಿಲ್ದಾಣದವರೆಗೆ ಬಿಡುತ್ತದೆ, ಮನೆಯೊಳಕ್ಕೆ ಬಿಡುವುದಿಲ್ಲ. ಜಯನಗರದ ಮಗುವೊಂದು ಬೇಸಿಗೆ ರಜೆಯಲ್ಲಿ ಒಂದು ವಾರ ಗುರಪ್ಪನಪಾಳ್ಯದಲ್ಲಿ ಇರಬಾರದೇ? ನಮ್ಮ ಮಗು ಬನಶಂಕರಿಯ ಒಂದು ಮನೆಯಲ್ಲಿ ಇದ್ದು, ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ಬರಬಾರದೇ? ವೀಸಾ ಬೇಡ, ಚೆನ್ನೈ ಬೇಡ, ವಿದ್ಯಾರ್ಥಿವೇತನ ಬೇಡ. ಎರಡು ಮನೆಗಳ ತಾಯಂದಿರು ಫೋನಿನಲ್ಲಿ ಒಂದು ಸಲ ಮಾತಾಡಿಕೊಂಡರೆ ಸಾಕು. ಶಾಲೆಗಳು ಮನಸ್ಸು ಮಾಡಿದರೆ ಈ ಮಾತನ್ನು ಶುರುಮಾಡಿಸುವುದು ದೊಡ್ಡ ಕೆಲಸವಲ್ಲ.

ಜರ್ಮನಿಯ ಹುಡುಗ ಆ ಜೂನ್‌ನಲ್ಲಿ ತನ್ನ ಊರಿಗೆ ಹೊರಟುಹೋದ. ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬದ ಸಂಜೆ ಯಾರೋ ಬಾಗಿಲು ತಟ್ಟಿದರು. ಜಯನಗರದ ಆ ತಾಯಿ, ಅಮ್ಮಿ ಕೊಂಡುತಂದಿದ್ದ ಅದೇ ಸ್ಟೀಲು ಬಟ್ಟಲಿನಲ್ಲಿ ಕಡುಬು ಹಿಡಿದು ನಿಂತಿದ್ದರು. ಈದ್ ದಿನ ಶೀರ್ ಖುರ್ಮಾ ತುಂಬಿ ಕಳಿಸಿದ್ದ ಬಟ್ಟಲು ಅದು. ಒಬ್ಬರೇ ನಡೆದು ಬಂದಿದ್ದರು.